ನೀರಿನ ಆಳ ಬಿಟ್ಟು ನಿಮಿಷ ಎಣಿಸಿದೆವು

ನಮ್ಮ ಬಡಾವಣೆಯ ಅರ್ಧ ಭಾಗ ಹೊಳೆದಂಡೆಗಿಂತ ತಗ್ಗಿನಲ್ಲಿದೆ. ಮಳೆಗಾಲದಲ್ಲಿ ನೀರು ಬರುತ್ತದೆ, ಹೋಗುತ್ತದೆ. ಕೆಸರು ಎತ್ತಿ ಹಾಕಿ ಗೋಡೆಗೆ ಸುಣ್ಣ ಬಳಿದರೆ ಆ ವರ್ಷದ ಕತೆ ಮುಗಿಯಿತು. ಅದಕ್ಕೇ, ಸಮುದಾಯದ ದುರ್ಬಲತೆ ಮತ್ತು ಸಾಮರ್ಥ್ಯದ ಸಮೀಕ್ಷೆ ಮಾಡೋಣ ಅಂತ ಕೆಲವರು ಹೊರಟಾಗ ಹೆಚ್ಚಿನವರು ಮೂಗು ಮುರಿದರು. ಸಮೀಕ್ಷೆ ಮಾಡೋಕೆ ಏನಿದೆ? ತಗ್ಗಿನಲ್ಲಿರುವವರ ಮನೆಗೆ ನೀರು ನುಗ್ಗುತ್ತದೆ, ಎತ್ತರದಲ್ಲಿರುವವರ ಮನೆಗೆ ನುಗ್ಗಲ್ಲ, ಅಷ್ಟೇ ಅಲ್ವಾ?

ನಾನು ಸೇರಿಕೊಂಡದ್ದು ನಕ್ಷೆ ಬಿಡಿಸುವ ಆಸೆಗೆ. ಈ ಬಗೆಯ ಸಮೀಕ್ಷೆಯನ್ನು ರೆಡ್ ಕ್ರಾಸ್ 1990ರ ದಶಕದಿಂದ ಬೇರೆ ಬೇರೆ ದೇಶಗಳಲ್ಲಿ ಮಾಡಿಸುತ್ತಾ ಬಂದಿದೆ. ಹೊರಗಿನ ಪರಿಣತರು ಬಂದು ವರದಿ ಬರೆದುಕೊಂಡು ಹೋಗುವ ಕೆಲಸ ಅಲ್ಲ ಇದು. ಅಲ್ಲಿನ ಜನರೇ ಕೂತು ಹಳೆಯ ವಿಕೋಪಗಳನ್ನು ನೆನಪು ಮಾಡಿಕೊಳ್ಳಬೇಕು, ನಕ್ಷೆ ಬಿಡಿಸಬೇಕು, ಓಣಿ ಓಣಿ ನಡೆದು ನೋಡಬೇಕು, ಯಾರಿಗೆ ಏನು ಕಷ್ಟ, ಯಾರ ಕೈಲಿ ಏನಾಗುತ್ತದೆ ಅಂತ ಬರೆಯಬೇಕು.

ಕಲಿಸಲು ಬಂದ ತರಬೇತುದಾರರು ಮೊದಲು ಹಲಗೆಯ ಮೇಲೆ ಎರಡು ಭೂಕಂಪ ಬರೆದರು. 2010ರ ಜನವರಿ, ಹೈಟಿ, ತೀವ್ರತೆ 7.0. ಅದೇ ವರ್ಷ ಫೆಬ್ರವರಿ, ಚಿಲಿ, 8.8. ಎರಡನೆಯದರಲ್ಲಿ ಹೊರಬಿದ್ದ ಶಕ್ತಿ ಮೊದಲನೆಯದರ ಸುಮಾರು 500 ಪಟ್ಟು. ಎಲ್ಲಿ ಜಾಸ್ತಿ ಜನ ಸತ್ತರು ಅಂತ ಕೇಳಿದರು. ಎಲ್ಲರೂ ಚಿಲಿ ಅಂದೆವು. ಚಿಲಿಯಲ್ಲಿ ಸತ್ತವರು ಐನೂರರ ಆಸುಪಾಸು. ಹೈಟಿಯ ಲೆಕ್ಕ ಲಕ್ಷಗಳಲ್ಲಿ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಹೈಟಿಯಲ್ಲಿ ನೆಲ ನಡುಗಿದ್ದು ರಾಜಧಾನಿಯ ಪಕ್ಕದಲ್ಲೇ. ಆದರೆ 1960ರ ಮಹಾ ಭೂಕಂಪ ಕಂಡ ಚಿಲಿ ಕಟ್ಟಡದ ನಿಯಮಗಳನ್ನು ಬಿಗಿ ಮಾಡಿ ಪಾಲಿಸಿತ್ತು. ಹೈಟಿಯಲ್ಲಿ ಅಂಥ ನಿಯಮವೇ ಇರಲಿಲ್ಲ ಎನ್ನಬಹುದು. ಭೂಮಿ ನಡುಗುವುದು ಒಂದು, ಮನೆ ಬೀಳುವುದು ಇನ್ನೊಂದು.

ಇಷ್ಟು ಹೇಳಿ ನಮ್ಮ ಕೈಗೆ ಸೀಮೆಸುಣ್ಣ ಕೊಟ್ಟರು.

ಶಾಲೆಯ ಅಂಗಳದ ಸಿಮೆಂಟಿನ ಮೇಲೆ ಇಡೀ ಬಡಾವಣೆ ಬಿಡಿಸಿದೆವು. ಹಿರಿಯರು ಸುತ್ತ ಕುರ್ಚಿ ಹಾಕಿ ಕೂತರು. ಯಾವ ನೆರೆಗೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನೋದಕ್ಕೆ ದೊಡ್ಡ ಜಗಳವೇ ಆಯಿತು. ಗಂಡಸರಿಗೆ ನೀರಿನ ಎತ್ತರ ನೆನಪಿತ್ತು: ಕಿಟಕಿಯ ಮಟ್ಟ, ಸ್ಕೂಟರಿನ ಸೀಟಿನ ಮಟ್ಟ. ಹೆಂಗಸರಿಗೆ ಆಮೇಲಿನ ದಿನಗಳು ನೆನಪಿದ್ದವು: ಕುಡಿಯುವ ನೀರು ಎಲ್ಲಿಂದ ತಂದೆವು, ಯಾವ ಮಗುವಿಗೆ ವಾಂತಿಭೇದಿ ಆಯಿತು, ಶೌಚಕ್ಕೆ ಕತ್ತಲಾಗುವವರೆಗೆ ಹೇಗೆ ಕಾದೆವು. ಮಕ್ಕಳು ಬಿಡಿಸಿದ ನಕ್ಷೆಯಲ್ಲಿ ನಮ್ಮ ನಕ್ಷೆಯಲ್ಲಿಲ್ಲದ ಮೂರು ದಾರಿಗಳಿದ್ದವು. ಎಲ್ಲವೂ ಯಾರದೋ ಕಾಂಪೌಂಡ್ ಹಾರುವ ದಾರಿಗಳು.

ನೀರು ಸೊಂಟ ಮುಟ್ಟುವ ಮನೆಗಳಿಗೆ ಕಡು ನೀಲಿ ಬಳಿದೆವು, ಮೊಣಕಾಲಿನವರೆಗೆ ಬರುವ ಮನೆಗಳಿಗೆ ತಿಳಿ ನೀಲಿ. ನೋಡಲು ಚೆನ್ನಾಗಿತ್ತು. ಆಗ ತಿಳಿ ನೀಲಿ ಮನೆಯ ಹೆಂಗಸೊಬ್ಬರು ಎದ್ದರು.

“ನಮ್ಮನೆಗೆ ಬಂದದ್ದು ಮೊಣಕಾಲುದ್ದ ನೀರು, ಸರಿ. ಆದರೆ ನಮ್ಮ ಅತ್ತೆಯನ್ನ ಹೊರಗೆ ತರೋಕೆ ಮುಕ್ಕಾಲು ಗಂಟೆ ಆಯ್ತು. ಪಕ್ಕದ ಮನೆಯ ಹುಡುಗರು ಎದೆಮಟ್ಟ ನೀರು ಬರೋ ಮುಂಚೆ ಐದು ನಿಮಿಷದಲ್ಲಿ ಚೀಲ ಹೊತ್ತು ಓಡಿದರು. ಅವರಿಗೆ ಕಡು ಬಣ್ಣ, ನಮಗೆ ತಿಳಿ ಬಣ್ಣ, ಇದ್ಯಾವ ಲೆಕ್ಕ?”

ಉತ್ತರ ಯಾರ ಬಳಿಯೂ ಇರಲಿಲ್ಲ. ತರಬೇತುದಾರರು ಮಾತ್ರ ಈ ಪ್ರಶ್ನೆಗೇ ಕಾಯುತ್ತಿದ್ದವರ ಹಾಗೆ ಕೊಲಂಬಿಯಾದ ಆರ್ಮೆರೋ ಪಟ್ಟಣದ ವಿಷಯ ತೆಗೆದರು. 1985ರ ನವೆಂಬರ್ 13ರ ರಾತ್ರಿ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸಿಡಿಯಿತು. ಮೇಲಿನ ಹಿಮ ಕರಗಿ, ಬೂದಿ ಮಣ್ಣು ಕಲೆಸಿಕೊಂಡು ಕೆಸರಿನ ಹೊಳೆಯಾಗಿ ಕಣಿವೆಯಲ್ಲಿ ಇಳಿಯಿತು. ಅದು ಆರ್ಮೆರೋ ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಪಟ್ಟಣದಲ್ಲೇ 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕ್ಷೆ ಅದಕ್ಕೂ ಮುಂಚೆಯೇ ತಯಾರಾಗಿತ್ತು, ಆರ್ಮೆರೋ ಅದರಲ್ಲಿ ಅಪಾಯದ ಜಾಗದಲ್ಲೇ ಇತ್ತು. ನಡೆದುಕೊಂಡು ಹೋಗಿ ದಿಣ್ಣೆ ಹತ್ತಲು ಎರಡು ಗಂಟೆ ಧಾರಾಳ ಸಾಕಿತ್ತು. ಹೊರಡಿ ಅನ್ನುವ ಮಾತು ಮಾತ್ರ ಜನರನ್ನು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ಅವತ್ತು ನೀಲಿ ಬಣ್ಣ ಅಳಿಸಿದೆವು. ಇನ್ನು ಮುಂದೆ ನಿಮಿಷದ ಲೆಕ್ಕ ಅಂತ ತೀರ್ಮಾನವಾಯಿತು.

ಲೆಕ್ಕ ಸರಳ. ಹೊಳೆಯ ಮೇಲ್ಭಾಗದ ಸೇತುವೆಯ ಗೇಜಿನಲ್ಲಿ ನೀರು ಕೆಂಪು ಗೆರೆ ದಾಟಿದ ಮೇಲೆ ನಮ್ಮ ಮೊದಲ ಓಣಿಗೆ ನುಗ್ಗಲು ಹೆಚ್ಚುಕಡಿಮೆ ಎರಡು ಗಂಟೆ ಬೇಕು. ಅಷ್ಟು ನಮ್ಮ ಕೈಲಿರುವ ಸಮಯ. ಅದರಲ್ಲಿ ಸುದ್ದಿ ಬರಲು ಹೋಗುವ ಸಮಯ ಕಳೆಯಬೇಕು. ಉಳಿದದ್ದರಲ್ಲಿ ಒಂದು ಮನೆಯವರು ಎದ್ದು, ಹೊರಟು, ಎತ್ತರದ ಜಾಗ ಸೇರಬೇಕು. ಸೇರಲಾಗದಿದ್ದರೆ ಆ ಮನೆ ಅಪಾಯದಲ್ಲಿದೆ ಅಂತ ಅರ್ಥ, ನೀರು ಪಾದದ ಮಟ್ಟ ಬರಲಿ, ತಲೆಯ ಮಟ್ಟ ಬರಲಿ.

ಹಿಂದಿನ ನೆರೆಯಲ್ಲಿ ಸುದ್ದಿ ಹೇಗೆ ಬಂತು ಅಂತ ಹಿಂದಿನಿಂದ ಹುಡುಕುತ್ತಾ ಹೋದೆವು. ಗೇಜು ನೋಡುವವರು ಕಚೇರಿಗೆ ತಿಳಿಸಿದ್ದರು. ಕಚೇರಿಯಿಂದ ಇನ್ನೊಂದು ಕಚೇರಿಗೆ. ಅಲ್ಲಿಂದ ಬಡಾವಣೆಯ ಸಂಘದ ವಾಟ್ಸಾಪ್ ಗುಂಪಿಗೆ. ಆ ಗುಂಪಿನಲ್ಲಿ ಮನೆ ಮಾಲೀಕರು ಇದ್ದರು, ಬಾಡಿಗೆದಾರರು ಇರಲಿಲ್ಲ. ಮಾಲೀಕರಲ್ಲಿ ಅನೇಕರು ಈ ಊರಲ್ಲೇ ಇಲ್ಲ. ಎಚ್ಚರಿಕೆ ಓದಿ, ಛೇ ಅಂತ ಅಂದುಕೊಂಡು ಮಲಗಿದ್ದಾರೆ. ತಗ್ಗಿನ ಕೊನೆಯ ಓಣಿಗೆ ಸುದ್ದಿ ಮುಟ್ಟಿಸಿದ್ದು ನೀರೇ.

ಆ ಓಣಿಯಲ್ಲಿ ಯಾರಿದ್ದಾರೆ ಅನ್ನೋದೂ ಆಕಸ್ಮಿಕ ಅಲ್ಲ. ನೀರು ಬರುವ ಜಾಗ ಅಂತ ಬಾಡಿಗೆ ಕಡಿಮೆ. ಬಾಡಿಗೆ ಕಡಿಮೆ ಅಂತ ದಿನಗೂಲಿಯವರು, ಒಂಟಿ ಮುದುಕರು, ಕಾಯಿಲೆಗೆ ದುಡ್ಡೆಲ್ಲ ಸುರಿದವರು ಅಲ್ಲಿ ಬಂದು ಸೇರುತ್ತಾರೆ. ಹೊರಡಲು ಯಾರಿಗೆ ಜಾಸ್ತಿ ಹೊತ್ತು ಬೇಕೋ ಅವರಿಗೇ ಕಡಿಮೆ ಹೊತ್ತು ಸಿಗುವ ಹಾಗೆ ಊರು ಬೆಳೆದಿದೆ. ಇದನ್ನು ಮಳೆ ಮಾಡಿದ್ದಲ್ಲ.

ಮನೆ ಮನೆ ಸುತ್ತುವ ಕೆಲಸ ಶುರುವಾದಾಗ ಮೊದಲು ಬಾಗಿಲು ಹಾಕಿಸಿಕೊಂಡೆವು. “ನಿಮ್ಮಲ್ಲಿ ಅಶಕ್ತರು ಯಾರಾದರೂ ಇದ್ದಾರಾ?” ಅಂತ ಕೇಳಿದರೆ ಯಾರಿಗೆ ತಾನೇ ಹೌದು ಅನ್ನಲು ಮನಸ್ಸು ಬರುತ್ತದೆ? ಒಬ್ಬರು ಅಜ್ಜಿ ಚೆನ್ನಾಗಿಯೇ ಬೈದರು. “ಒಂಟಿಯಾಗಿದ್ದೀನಿ ಅಂತ ಬರ್ಕೊಂಡು ಹೋಗಿ ಯಾರ ಕೈಗೆ ಕೊಡ್ತೀಯಪ್ಪ? ಕಳ್ಳನ ಕೈಗಾ?” ಅಜ್ಜಿ ಹೇಳಿದ್ದು ಸರಿಯಾಗೇ ಇತ್ತು. ಒಂಟಿ ಹೆಂಗಸರ, ಹಾಸಿಗೆ ಹಿಡಿದವರ ಪಟ್ಟಿ ಒಂದೇ ಕಡೆ ಇದ್ದರೆ ಅದೇ ಒಂದು ಅಪಾಯ. ಆಮೇಲೆ ಓಣಿಗೊಂದು ಹಾಳೆ ಮಾಡಿದೆವು. ಆ ಓಣಿಯ ಇಬ್ಬರ ಬಳಿ ಮಾತ್ರ ಅದು ಇರಬೇಕು, ಆ ಇಬ್ಬರನ್ನು ಓಣಿಯವರೇ ಆರಿಸಬೇಕು. ಫೋನಿನಲ್ಲಿ ಫೋಟೋ ತೆಗೆದು ಹಂಚುವ ಹಾಗಿಲ್ಲ.

ಪ್ರಶ್ನೆಯನ್ನೂ ಬದಲಾಯಿಸಿದೆವು. “ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಹೊರಡೋಕೆ ನಿಮಗೆ ಎಷ್ಟು ಹೊತ್ತು ಬೇಕು?” ಇದಕ್ಕೆ ಬೇಜಾರು ಮಾಡಿಕೊಂಡವರಿಲ್ಲ. ಉತ್ತರ ಹೇಳುತ್ತಾ ಹೇಳುತ್ತಾ ಎಲ್ಲವನ್ನೂ ತಾವೇ ಹೇಳಿದರು. ಬೈದ ಅಜ್ಜಿ ಬಾಗಿಲಿಗೆ ಮೂರು ಚಿಲಕ ಹಾಕಿ ಮಲಗುತ್ತಾರೆ. ಕನ್ನಡಕ ಹುಡುಕಬೇಕು, ಚಿಲಕ ತೆಗೆಯಬೇಕು, ಬಂದವನು ಯಾರು ಅಂತ ನಂಬಬೇಕು. ಕೊನೆಯದಕ್ಕೇ ಜಾಸ್ತಿ ಹೊತ್ತು. 1995ರ ಜುಲೈನಲ್ಲಿ ಶಿಕಾಗೋ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಒಂಟಿಯಾಗಿದ್ದ ವೃದ್ಧರು, ಬಾಗಿಲು ಭದ್ರ ಮಾಡಿಕೊಂಡು ಒಳಗೇ ಉಳಿದವರು. ಅದನ್ನು ಓದಿದ್ದ ನನಗೆ ಅಜ್ಜಿಯ ಮೂರು ಚಿಲಕ ನೋಡಿ ನಿಜಕ್ಕೂ ಭಯವಾಯಿತು. ಈಗ ಅವರ ಪರಿಚಯದ ಒಬ್ಬ ಹುಡುಗಿಯೇ ಹೋಗಿ ಹೆಸರು ಹಿಡಿದು ಕರೆಯಬೇಕು ಅಂತ ಗೊತ್ತುಮಾಡಿದ್ದೇವೆ. ಆ ಹುಡುಗಿ ಊರಲ್ಲಿ ಇಲ್ಲದಿದ್ದರೆ ಯಾರು ಅನ್ನೋದೂ ಬರೆದಿದೆ.

ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ. ನಾವು ಅಷ್ಟು ಹೊತ್ತು ಸೈರನ್ ಎಲ್ಲಿ ಕಟ್ಟೋದು ಅಂತ ಚರ್ಚೆ ಮಾಡಿಕೊಂಡು ಬಂದಿದ್ದೆವು. ಅವರು ಕಾಗದದ ಮೇಲೆ ಬರೆದು ತೋರಿಸಿದರು: ಮಲಗುವ ಕೋಣೆಯ ಕಿಟಕಿಗೆ ಟಾರ್ಚ್ ಬಿಟ್ಟು ಆರಿಸಿ ಹತ್ತಿಸಿ, ಎದ್ದೇಳುತ್ತೇವೆ. ಅವರಿಗೆ ಬೇಕಾದದ್ದು ನಾಲ್ಕೇ ನಿಮಿಷ, ಬಡಾವಣೆಯಲ್ಲೇ ಕಡಿಮೆ. ಅವರನ್ನು ದುರ್ಬಲರ ಪಟ್ಟಿಗೆ ಸೇರಿಸಲು ಹೊರಟಿದ್ದೆವು ನೋಡಿ.

ಬಾಗಿಲುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೊನೆಯ ಓಣಿಯಲ್ಲಿ ಕೋಣೆ ಚಿಕ್ಕದು ಅಂತ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಇಟ್ಟಿದ್ದಾರೆ. ಹೊರಗೆ ಅರ್ಧ ಮೀಟರ್ ನೀರು ನಿಂತು ಒಳಗೆ ಇನ್ನೂ ಒಣಗಿದ್ದರೆ, ಸಾಮಾನ್ಯ ಅಗಲದ ಬಾಗಿಲಿನ ಮೇಲೆ ನೀರು ಸುಮಾರು 100 ಕಿಲೋ ತೂಕದಷ್ಟು ಬಲದಿಂದ ಒತ್ತುತ್ತದೆ. ಒಬ್ಬ ಮುದುಕ ಅದನ್ನು ತಳ್ಳಿ ತೆರೆಯೋದು ಕನಸಿನ ಮಾತು. ಹೊರಗೆ ಬಂದ ಮೇಲೂ ಸುಲಭ ಇಲ್ಲ. ರಭಸದಿಂದ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು, 30 ಸೆಂಟಿಮೀಟರ್ ಇದ್ದರೆ ಚಿಕ್ಕ ಕಾರು ತೇಲಬಹುದು. ಹಾಗಾಗಿ ಆ ಓಣಿಯವರಿಗೆ ಒಂದೇ ಸೂಚನೆ: ನೀರು ಕಾಣುವವರೆಗೆ ಕಾಯಬೇಡಿ, ಸುದ್ದಿ ಬಂದ ಕೂಡಲೇ ಮೊದಲು ಬಾಗಿಲು ತೆರೆದಿಡಿ.

ಹೊರಡಲು ಒಪ್ಪದವರದ್ದು ಬೇರೆಯೇ ಕತೆ. ಮನೆಗೆ ಕಳ್ಳರು ನುಗ್ಗುತ್ತಾರೆ, ಸಾಕಿದ ಪ್ರಾಣಿಗಳನ್ನು ಬಿಟ್ಟು ಬರೋಕಾಗಲ್ಲ, ಗಂಡ ಬರಲಿ ಆಮೇಲೆ ನೋಡೋಣ. ಇವನ್ನು ಮೊಂಡುತನ ಅಂದುಬಿಡಬಹುದು. ಬಾಂಗ್ಲಾದೇಶದ ಅನುಭವ ಓದಿದ ಮೇಲೆ ನಾನು ಹಾಗೆ ಅನ್ನುವುದು ಬಿಟ್ಟೆ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕಡಿಮೆಯೆಂದರೂ ಮೂರು ಲಕ್ಷ ಜನ ಸತ್ತರು. ಆಮೇಲೆ ಹಳ್ಳಿಯ ಸ್ವಯಂಸೇವಕರ ಪಡೆ ಕಟ್ಟಿದರು. ಬಾವುಟ, ಮೆಗಾಫೋನ್, ಕೈ ಸೈರನ್ ಹಿಡಿದು ಮನೆ ಮನೆಗೆ ಹೋಗುವವರು. ಹಾಗಿದ್ದೂ 1991ರ ಚಂಡಮಾರುತದಲ್ಲಿ 1.38 ಲಕ್ಷದಷ್ಟು ಜನ ತೀರಿಕೊಂಡರು, ಅವರಲ್ಲಿ ಹೆಂಗಸರೇ ಹೆಚ್ಚು. ಆಶ್ರಯ ತಾಣಗಳು ಸಾಲದಿದ್ದವು, ಇದ್ದಲ್ಲಿ ಹೆಂಗಸರಿಗೆ ಬೇರೆ ಜಾಗ ಇರಲಿಲ್ಲ, ದನಕರು ಬಿಟ್ಟು ಬರಲು ಯಾರಿಗೂ ಮನಸ್ಸಿರಲಿಲ್ಲ. ಬೈಯುವುದರ ಬದಲು ಅವನ್ನು ಒಂದೊಂದಾಗಿ ಸರಿಮಾಡುತ್ತಾ ಬಂದರು. ಜಾನುವಾರುಗಳಿಗೂ ಎತ್ತರದ ದಿಬ್ಬ ಕಟ್ಟಿದರು. ಇವತ್ತು ಆ ಪಡೆಯಲ್ಲಿ 75 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ, ಅರ್ಧದಷ್ಟು ಹೆಂಗಸರು. 2007ರ ಸಿಡ್ರ್ ಚಂಡಮಾರುತ ಬಲವಾದದ್ದೇ. ಸತ್ತವರು 3,400ರ ಆಸುಪಾಸು. ಅದೂ ಕಡಿಮೆ ಏನಲ್ಲ, ಆದರೆ ಹಿಂದಿನದಕ್ಕೆ ಹೋಲಿಸಿ ನೋಡಿ.

ನಮ್ಮ ಆಶ್ರಯ ತಾಣ ಅದೇ ಶಾಲೆ. ಹೆಂಗಸರನ್ನು ಕೇಳಿದಾಗ, ರಾತ್ರಿ ಅಲ್ಲಿಗೆ ಬರಲ್ಲ ಅಂದರು. ಯಾಕೆ ಅಂದರೆ ಶೌಚಾಲಯಕ್ಕೆ ಒಳಗಿನ ಚಿಲಕ ಇಲ್ಲ, ದಾರಿಯಲ್ಲಿ ದೀಪ ಇಲ್ಲ. ಮನೆಯಲ್ಲೇ ತಡಮಾಡುವುದಕ್ಕೆ ಒಂದು ಚಿಲಕ ಕಾರಣ! ಬಡಗಿ ಬಂದು ಹಾಕಲು ಹತ್ತು ನಿಮಿಷ ಹಿಡಿಯಿತು. ಹಾಕಲು ಅನುಮತಿ ಸಿಗುವಷ್ಟರಲ್ಲಿ ಒಂದು ಋತುವೇ ಕಳೆದಿತ್ತು.

ಯಾರ ಕೈಲಿ ಏನಾಗುತ್ತದೆ ಅನ್ನುವ ಪಟ್ಟಿ ಮಾಡುವಾಗ ಖುಷಿ ಜಾಸ್ತಿ. ತಳ್ಳುಗಾಡಿಯವರ ಗಾಡಿಗಳು ಗಾಲಿಕುರ್ಚಿ ತಿರುಗದ ಓಣಿಯಲ್ಲೂ ತಿರುಗುತ್ತವೆ. ಎರಡು ಗಾಡಿಗಳಿಗೆ ಹಲಗೆ ಹಾಕಿ ಹಾಸಿಗೆ ಹಿಡಿದವರನ್ನು ಸಾಗಿಸಲು ಏರ್ಪಾಡಾಯಿತು. ರಾತ್ರಿ ಎಚ್ಚರ ಇರುವವರು ಯಾರು ಅಂತ ಹುಡುಕಿದರೆ ಸಿಕ್ಕಿದವನು ಗೋದಾಮಿನ ವಾಚ್‌ಮನ್. ಅವನು ಬಡಾವಣೆಯ ನಿವಾಸಿ ಅಲ್ಲ ಅಂತ ಯಾವ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಈಗ ಗೇಜು ನೋಡುವವರ ಫೋನು ಮೊದಲು ಹೋಗುವುದೇ ಅವನಿಗೆ. ಮಕ್ಕಳಿಗೆ ಸಿಮೆಯುಲು ದ್ವೀಪದ ಕತೆ ಹೇಳಿದೆವು. ಸುಮಾತ್ರಾ ಬಳಿಯ ಆ ದ್ವೀಪಕ್ಕೆ 1907ರಲ್ಲಿ ಸುನಾಮಿ ಬಡಿದಿತ್ತು. ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ ಅಂತ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹೇಳುತ್ತಾ ಬಂದರು. 2004ರ ಡಿಸೆಂಬರ್ 26ರಂದು ಅಲ್ಲಿಗೆ ಅಲೆ ಬರಲು ಹತ್ತು ನಿಮಿಷದ ಆಸುಪಾಸು ಅಷ್ಟೇ ಇತ್ತು. ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು. ಕತೆ ಕೇಳಿದ ಮಕ್ಕಳು ತಮ್ಮ ಕಾಂಪೌಂಡ್ ಹಾರುವ ದಾರಿಗಳನ್ನು ಹೆಮ್ಮೆಯಿಂದ ದೊಡ್ಡವರಿಗೆ ತೋರಿಸಿದರು. ಕಾಂಪೌಂಡಿನ ಮಾಲೀಕರಿಗೆ ಅಷ್ಟು ಹೆಮ್ಮೆ ಆಗಲಿಲ್ಲ.

ಹಗಲಿನ ಅಣಕು ಕಾರ್ಯಾಚರಣೆ ಹಬ್ಬದ ಹಾಗೆ ನಡೆಯಿತು. ಎಲ್ಲರೂ ಹೊತ್ತಿಗೆ ಮುಂಚೆ ತಲುಪಿದರು. ನಿಜ ಏನು ಅಂತ ಗೊತ್ತಾದದ್ದು ಬೀದಿದೀಪ ಆರಿಸಿ ರಾತ್ರಿ ಮಾಡಿದಾಗ. ಅನೇಕ ಮನೆಗಳಿಗೆ ಹಗಲಿನ ಎರಡರಷ್ಟು ಹೊತ್ತು ಬೇಕಾಯಿತು. ಚಪ್ಪಲಿ ಸಿಗಲಿಲ್ಲ, ಮಾತ್ರೆಯ ಡಬ್ಬಿ ಸಿಗಲಿಲ್ಲ. ಆಮ್ಲಜನಕದ ಯಂತ್ರ ಬಳಸುವವರ ಮನೆಯಲ್ಲಿ, ಕರೆಂಟು ಹೋದರೆ ಸಿಲಿಂಡರಿಗೆ ಬದಲಾಯಿಸುವುದು ಮಗನಿಗೆ ಮಾತ್ರ ಗೊತ್ತಿತ್ತು. ಮಗ ಆ ರಾತ್ರಿ ಪಾಳಿಯಲ್ಲಿದ್ದ. ಶಾಲೆಯ ಗೇಟಿನ ಬೀಗದ ಕೈ ಇದ್ದದ್ದು ಹೊಳೆಯಾಚೆಯ ಮನೆಯಲ್ಲಿ. ಇಷ್ಟೆಲ್ಲ ನಕ್ಷೆ ಬಿಡಿಸಿದ ನಾವು ಗೇಟಿನ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವರದಿ ಒಪ್ಪಿಸಲು ಕಚೇರಿಗೆ ಹೋದಾಗ ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿಸಿದರು. ಅವರ ನಮೂನೆಯಲ್ಲಿ ವೃದ್ಧರೆಷ್ಟು, ಅಂಗವಿಕಲರೆಷ್ಟು, ಗರ್ಭಿಣಿಯರೆಷ್ಟು ಅಂತ ಕಾಲಂಗಳಿದ್ದವು. ನಿಮಿಷಕ್ಕೆ ಕಾಲಂ ಇರಲಿಲ್ಲ. ಎಲ್ಲವನ್ನೂ ಷರಾ ಕಾಲಮಿನಲ್ಲಿ ಇರುಕಿಸಿ ಬರೆದೆವು. ಹೊರಡುವಾಗ ಒಬ್ಬರು, “ನಿಮ್ಮ ಜನರ ಧೈರ್ಯ ಮೆಚ್ಚಬೇಕು, ಎಷ್ಟು ಸಲ ನೀರು ಬಂದರೂ ಮತ್ತೆ ಎದ್ದು ನಿಲ್ಲುತ್ತೀರಿ” ಅಂದರು. ಈ ಹೊಗಳಿಕೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಮೋರಿಯ ಬಾಯಿಗೆ ಹಾಕಿದ ಸರಳಿನಲ್ಲಿ ಕಸ ಸಿಕ್ಕಿಕೊಂಡು ನೀರು ಹಿಂದಕ್ಕೆ ನುಗ್ಗುತ್ತದೆ ಅಂತ ಕೊಟ್ಟ ಅರ್ಜಿ ಅದೇ ಮೇಜಿನ ಮೇಲಿತ್ತು. ಜಪಾನಿನ ಕೋಬೆಯಲ್ಲಿ 1995ರ ಭೂಕಂಪದ ನಂತರ ಅವಶೇಷಗಳಡಿಯಿಂದ ಜೀವಂತ ಹೊರಬಂದವರಲ್ಲಿ ಹೆಚ್ಚಿನವರನ್ನು ಎತ್ತಿದ್ದು ಮನೆಯವರು, ಅಕ್ಕಪಕ್ಕದವರು. ಮೊದಲ ಗಂಟೆಗಳಲ್ಲಿ ಅಲ್ಲಿ ಇರುವವರು ಅವರೇ ತಾನೆ? ಅದು ನಮ್ಮ ಪಾಲಿನ ಕೆಲಸ, ಮಾಡುತ್ತೇವೆ. ಸರಳು ತೆಗೆಸುವುದು ಅವರ ಪಾಲಿನದು.

ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ನೀರು ಬಂದೇ ಬಂತು. ದೊಡ್ಡ ನೆರೆ ಅಲ್ಲ, ಮೊದಲ ಎರಡು ಓಣಿಗಳಿಗೆ ಅಷ್ಟೇ. ವಾಚ್‌ಮನ್‌ನ ಸೀಟಿ ಹೊತ್ತಿಗೆ ಸರಿಯಾಗಿ ಕೇಳಿಸಿತು. ಕಿಟಕಿಗೆ ಟಾರ್ಚ್ ಬಿತ್ತು. ಅಜ್ಜಿ ಹುಡುಗಿಯ ದನಿ ಕೇಳಿ ಮೂರು ಚಿಲಕವನ್ನೂ ತೆಗೆದರು, ಯಾಕೆ ಇಷ್ಟು ತಡ ಅಂತ ಅವಳನ್ನೇ ಗದರಿದರಂತೆ. ತಳ್ಳುಗಾಡಿಗಳು ಹೊರಟವು, ಓಣಿಯ ಬಾಯಲ್ಲಿ ನಿಂತವು. ಸುದ್ದಿ ಬೇಗ ಬಂದದ್ದರಿಂದ ಎಲ್ಲರೂ ಕಾರುಗಳನ್ನು ಎತ್ತರದ ರಸ್ತೆಗೆ ತಂದು ನಿಲ್ಲಿಸಿದ್ದರು. ನಡೆದು ಹೋಗಲು ಇದ್ದದ್ದು ಅದೊಂದೇ ದಾರಿ. ಅಣಕು ಕಾರ್ಯಾಚರಣೆಯಲ್ಲಿ ಯಾರೂ ಕಾರು ತೆಗೆದಿರಲಿಲ್ಲ, ಹಾಗಾಗಿ ಇದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಗಾಡಿಗಳು ದಾಟಲು ಕಾಲು ಗಂಟೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ನೀರು ಅಷ್ಟರಲ್ಲೇ ನಿಂತಿತು.

ಆ ಕಾಲು ಗಂಟೆ ಈಗ ನಮ್ಮ ಸಭೆಗಳನ್ನೆಲ್ಲ ತಿನ್ನುತ್ತಿದೆ. ಕಾರು ನಿಲ್ಲಿಸಲು ಬೇರೆ ಜಾಗ ಗುರುತಿಸಿದ್ದೇವೆ, ಮಾಲೀಕರು ಅರ್ಧ ಮನಸ್ಸಿನಿಂದ ಒಪ್ಪಿದ್ದಾರೆ. ಎರಡನೇ ದಾರಿಗೆ ಮಕ್ಕಳು ತೋರಿಸಿದ ಕಾಂಪೌಂಡ್‌ಗಳಲ್ಲಿ ಒಂದಕ್ಕೆ ಗೇಟು ಇಡಿಸಬೇಕು. ಮಾಲೀಕರು ಆಗಲಿ ಅಂದಿದ್ದಾರೆ, ಆದರೆ ಬೀಗ ಹಾಕುತ್ತೇನೆ, ಕೀ ನನ್ನ ಬಳಿಯೇ ಇರಬೇಕು ಅನ್ನುತ್ತಾರೆ. ಎರಡನೇ ಕೀ ಕೊನೆಯ ಓಣಿಯ ಬಾಡಿಗೆದಾರರ ಬಳಿ ಇರಲಿ ಅಂತ ನಾವು. ಈ ವಾರ ಮತ್ತೆ ಕೂರುತ್ತೇವೆ. ಅಷ್ಟರೊಳಗೆ ಓಣಿಯ ಹಾಳೆಗಳನ್ನೂ ಹೊಸದಾಗಿ ಬರೆಯಬೇಕು. ಕೊನೆಯ ಓಣಿಯಲ್ಲಿ ಹಲವು ಮನೆಗಳಿಗೆ ಹೊಸ ಬಾಡಿಗೆದಾರರು ಬಂದಿದ್ದಾರೆ, ಅವರಿಗೆ ಎಷ್ಟು ನಿಮಿಷ ಬೇಕು ಅಂತ ಇನ್ನೂ ಯಾರೂ ಕೇಳಿಲ್ಲ.